ತಲೆ ಲೆಕ್ಕ: ಕೆನಡಾದ ವಸತಿ ಶಾಲೆಗಳಲ್ಲಿ ಆಗಿದ್ದೇನು, ಈಗ ನಡೆಯುತ್ತಿರುವುದೇನು

ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ನನ್ನ ಚಿಕ್ಕಪ್ಪನ ಮಗಳು ಇದ್ದಾಳೆ. ಒಂದು ಸೆಪ್ಟೆಂಬರ್ ಕೊನೆಯಲ್ಲಿ ಫೋನ್ ಮಾಡಿ, ‘ಸ್ಕೂಲಿಂದ ಚೀಟಿ ಬಂದಿದೆ. 30ನೇ ತಾರೀಖು ಮಗನಿಗೆ ಕಿತ್ತಳೆ ಬಣ್ಣದ ಶರ್ಟ್ ಹಾಕಿ ಕಳಿಸಬೇಕಂತೆ. ಇದ್ಯಾವ ಹಬ್ಬ?’ ಅಂತ ಕೇಳಿದಳು. ಅದೇ ವಾರ ನಮ್ಮ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಕೆನಡಾದ ಶಾಲೆಗಳಲ್ಲಿ ಮಕ್ಕಳನ್ನು ಹೂತಿದ್ದಾರೆ ಅನ್ನೋದೆಲ್ಲ ಬುರುಡೆ, ಇಷ್ಟು ವರ್ಷದಲ್ಲಿ ಒಂದು ಮೂಳೆಯೂ ಸಿಕ್ಕಿಲ್ಲ ಅಂತ ಅದರಲ್ಲಿತ್ತು. ಶರ್ಟು, ಫಾರ್ವರ್ಡು ಎರಡೂ ಒಂದೇ ವಿಷಯದ್ದು. ಆದರೆ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಶರ್ಟಿನ ಕಥೆ ಚಿಕ್ಕದು. ಅದನ್ನು ಮೊದಲು ಹೇಳಿಬಿಡುತ್ತೇನೆ. 1973ನೇ ಇಸವಿ. ಬ್ರಿಟಿಷ್ ಕೊಲಂಬಿಯಾದ ಡಾಗ್ ಕ್ರೀಕ್ ಅನ್ನುವ ಊರಿನ ಫಿಲಿಸ್‌ಗೆ ಆಗಷ್ಟೇ ಆರು ತುಂಬಿತ್ತು. ಶಾಲೆಗೆ ಹೊರಟ ಮೊಮ್ಮಗಳನ್ನು ಅಜ್ಜಿ ಪೇಟೆಗೆ ಕರೆದುಕೊಂಡು ಹೋಗಿ ಹೊಸ ಅಂಗಿ ಕೊಡಿಸಿದರು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ, ಎದೆಯ ಹತ್ತಿರ ದಾರ ಪೋಣಿಸಿದ ಅಂಗಿ. ಅಜ್ಜಿಯ ಹತ್ತಿರ ದುಡ್ಡು ಅಷ್ಟಕ್ಕಷ್ಟೇ. ವಿಲಿಯಮ್ಸ್ ಲೇಕ್ ಹತ್ತಿರದ ಮಿಷನ್ ವಸತಿ ಶಾಲೆಗೆ ಕಾಲಿಟ್ಟ ದಿನವೇ ಅವಳ ಬಟ್ಟೆ ಬಿಚ್ಚಿಸಿದರು. ಆ ಅಂಗಿ ಮತ್ತೆ ಅವಳ ಕೈಗೆ ಬರಲೇ ಇಲ್ಲ. 40 ವರ್ಷ ಕಳೆದ ಮೇಲೆ, 2013ರಲ್ಲಿ, ಫಿಲಿಸ್ ವೆಬ್‌ಸ್ಟಡ್ ಇದನ್ನು ಊರವರ ಮುಂದೆ ಹೇಳಿಕೊಂಡರು. ‘ಆರೆಂಜ್ ಶರ್ಟ್ ಡೇ’ ಶುರುವಾಗಿದ್ದು ಹಾಗೆ. ಸೆಪ್ಟೆಂಬರ್ ಯಾಕೆ ಅಂದರೆ, ಮಕ್ಕಳನ್ನು ಮನೆಯಿಂದ ಒಯ್ಯುತ್ತಿದ್ದ ತಿಂಗಳು ಅದು. 2021ರಿಂದ ಅದೇ ದಿನ ಕೆನಡಾದ ಕೇಂದ್ರ ಸರ್ಕಾರದ ಅಧಿಕೃತ ರಜೆಯೂ ಹೌದು.

ಮುಂದೆ ಹೋಗುವ ಮುಂಚೆ ಎರಡು ಪದಗಳ ಬಗ್ಗೆ ಹೇಳಬೇಕು. ಮೊದಲನೆಯದು ‘ವಸತಿ ಶಾಲೆ’. ನಮ್ಮಲ್ಲಿ ಹಾಗಂದರೆ ಮೊರಾರ್ಜಿ ದೇಸಾಯಿ ಶಾಲೆ, ನವೋದಯ. ಸೀಟು ಸಿಗಲಿ ಅಂತ ಹರಕೆ ಹೊರುತ್ತೇವೆ, ಪರೀಕ್ಷೆಗೆ ಟ್ಯೂಷನ್ ಹಾಕಿಸುತ್ತೇವೆ. ಆ ಚಿತ್ರವನ್ನು ಪೂರ್ತಿ ಪಕ್ಕಕ್ಕಿಡಿ. ಎರಡನೆಯದು ‘ಇಂಡಿಯನ್’. ಕೊಲಂಬಸ್ ದಾರಿ ತಪ್ಪಿ ಅಮೆರಿಕ ತಲುಪಿ, ಅಲ್ಲಿದ್ದವರಿಗೆ ನಮ್ಮ ಹೆಸರಿಟ್ಟ. ಹೆಸರು ಇವತ್ತಿಗೂ ಕಾನೂನಿನಲ್ಲಿ ಉಳಿದಿದೆ. 1876ರ ‘ಇಂಡಿಯನ್ ಆ್ಯಕ್ಟ್’ ಕೆನಡಾದಲ್ಲಿ ಈಗಲೂ ಜಾರಿಯಲ್ಲಿದೆ. ಅಲ್ಲಿನ ಮೂಲನಿವಾಸಿಗಳು ಮೂರು ಗುಂಪು: ಕಾನೂನು ಇಂಡಿಯನ್ ಅನ್ನುವ ಸಮುದಾಯಗಳಾದ ಫಸ್ಟ್ ನೇಷನ್ಸ್, ಉತ್ತರದ ಹಿಮಪ್ರದೇಶದ ಇನ್ಯೂಟ್, ಮತ್ತು ಮೂಲನಿವಾಸಿ, ಯುರೋಪಿಯನ್ ಎರಡೂ ಮೂಲದ ಮೇಟಿ. ಈ ಶಾಲೆಗಳಿಗೆ ಹೋದ ಸುಮಾರು 1,50,000 ಮಕ್ಕಳು ಈ ಮೂರೂ ಕಡೆಯವರು.

ಶಾಲೆ ಬೇಕು ಅಂತ ಕೇಳಿದ್ದು ಮೊದಲು ಮೂಲನಿವಾಸಿಗಳೇ ಅನ್ನುವುದನ್ನು ತುಂಬ ಜನ ಮರೆಯುತ್ತಾರೆ. 1870ರ ದಶಕದಲ್ಲಿ ಜಮೀನಿನ ಒಪ್ಪಂದಗಳಾದಾಗ, ನಮ್ಮ ಊರಲ್ಲೇ ಶಾಲೆ ಕಟ್ಟಿಸಿಕೊಡಿ ಅಂತ ಅವರು ಷರತ್ತು ಹಾಕಿದ್ದರು. ಕಾಡೆಮ್ಮೆಗಳು ಮುಗಿಯುತ್ತ ಬಂದಿದ್ದವು, ಹೊಸ ಕಾಲಕ್ಕೆ ಮಕ್ಕಳು ತಯಾರಾಗಲಿ ಅನ್ನುವ ಲೆಕ್ಕ ಅವರದು. ಸರ್ಕಾರದ ಲೆಕ್ಕವೇ ಬೇರೆ. 1879ರಲ್ಲಿ ನಿಕೋಲಸ್ ಫ್ಲಡ್ ಡೇವಿನ್ ಅನ್ನುವವರು ಅಮೆರಿಕದ ಶಾಲೆಗಳನ್ನು ನೋಡಿಕೊಂಡು ಬಂದು, ಮಕ್ಕಳನ್ನು ಮನೆಯಿಂದ ದೂರ ಇಡಬೇಕು ಅಂತ ವರದಿ ಕೊಟ್ಟರು. 1883ರಲ್ಲಿ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಸಂಸತ್ತಿನಲ್ಲೇ ಇದನ್ನು ಬಿಡಿಸಿ ಹೇಳಿದರು. ಊರಿನ ಶಾಲೆಗೆ ಹೋಗುವ ಮಗು ಸಂಜೆ ಅಪ್ಪ ಅಮ್ಮನ ಹತ್ತಿರ ವಾಪಸ್ ಹೋಗುತ್ತದೆ, ಕೊನೆಗೆ ಅದು ಓದು ಬರಹ ಬಲ್ಲ ಕಾಡುಮನುಷ್ಯ ಆಗುತ್ತದೆ ಅಷ್ಟೇ ಅನ್ನುವುದು ಅವರ ವಾದ. ಅಂದರೆ ಅಪ್ಪ ಅಮ್ಮನೇ ರೋಗ, ಶಾಲೆ ಅದಕ್ಕೆ ಔಷಧ!

ಕಟ್ಟಡ, ದುಡ್ಡು ಸರ್ಕಾರದ್ದು. ನಡೆಸುವುದು ಚರ್ಚುಗಳದ್ದು. ಅರ್ಧಕ್ಕಿಂತ ಜಾಸ್ತಿ ಕ್ಯಾಥೊಲಿಕ್ ಸಂಸ್ಥೆಗಳ ಕೈಯಲ್ಲಿದ್ದವು, ಉಳಿದವು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್. ಒಟ್ಟು ಎಷ್ಟು ಶಾಲೆ ಅಂದರೆ, ಮುಂದೆ ಹೇಳುವ ಪರಿಹಾರದ ಒಪ್ಪಂದದಲ್ಲಿ ಹೆಸರಿರುವುದು 139. ಕೊನೆಯವು ಮುಚ್ಚಿದ್ದು 1990ರ ದಶಕದ ಕೊನೆಗೆ. ಅಂದರೆ ಅಲ್ಲಿ ಓದಿದವರಲ್ಲಿ ನನ್ನ ವಯಸ್ಸಿನವರೂ ಇದ್ದಾರೆ.

ಶಾಲೆಗೆ ಬಂದ ಮಗುವಿಗೆ ಮೊದಲು ಕೂದಲು ಕತ್ತರಿಸುತ್ತಿದ್ದರು. ಆಮೇಲೆ ಒಂದು ನಂಬರು ಕೊಡುತ್ತಿದ್ದರು. ಬಟ್ಟೆ, ಹಾಸಿಗೆ, ಎಲ್ಲದಕ್ಕೂ ಅದೇ ನಂಬರು. ಅಣ್ಣ ತಂಗಿ ಒಂದೇ ಕಟ್ಟಡದಲ್ಲಿದ್ದರೂ ಮಾತಾಡುವಂತಿಲ್ಲ. ಮನೆಮಾತು ಆಡಿದರೆ ಏಟು. ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ: ಹುಡುಗರಿಗೆ ಹೊಲ, ದನ, ಹುಡುಗಿಯರಿಗೆ ಹೊಲಿಗೆ, ಬಟ್ಟೆ ಒಗೆತ. ಕೆಲಸ ಕಲಿಸುವುದು ಅಂತ ಇದಕ್ಕೆ ಹೆಸರು. ನಿಜ ಏನೆಂದರೆ ಮಕ್ಕಳು ದುಡಿಯದಿದ್ದರೆ ಶಾಲೆಯ ಖರ್ಚು ಸರಿದೂಗುತ್ತಿರಲಿಲ್ಲ.

ಯಾಕೆ ಸರಿದೂಗುತ್ತಿರಲಿಲ್ಲ ಅನ್ನುವಲ್ಲೇ ಇಡೀ ಕಥೆಯ ಕೀಲಿ ಇದೆ ಅಂತ ನನಗನಿಸುತ್ತದೆ. 1892ರಿಂದ ಸರ್ಕಾರ ತಲೆಗೆ ಇಷ್ಟು ಅಂತ ದುಡ್ಡು ಕೊಡಲು ಶುರು ಮಾಡಿತು. ಎಷ್ಟು ಮಕ್ಕಳೋ ಅಷ್ಟು ಅನುದಾನ. ಕೊಡುವ ಮೊತ್ತವೋ ತೀರಾ ಕಮ್ಮಿ. ಹಾಗಾಗಿ ಶಾಲೆ ನಡೆಸುವವರಿಗೆ ಎರಡೇ ದಾರಿ. ಒಂದು, ಊಟ, ಬಟ್ಟೆ, ಸೌದೆಯಲ್ಲಿ ಉಳಿಸು. ಎರಡು, ತಲೆ ಜಾಸ್ತಿ ಮಾಡು. ಕಾಯಿಲೆಯ ಮಗು ಬಂದರೂ ವಾಪಸ್ ಕಳಿಸಿದರೆ ಆ ತಲೆಯ ದುಡ್ಡು ಹೋಯಿತು. ಹಾಗಾಗಿ ಕ್ಷಯ ಹಿಡಿದ ಮಗುವನ್ನೂ ಸೇರಿಸಿಕೊಂಡರು. ಕಿಟಕಿ ಮುಚ್ಚಿದ, ಹಾಸಿಗೆಗೆ ಹಾಸಿಗೆ ಅಂಟಿದ ಕೋಣೆಯಲ್ಲಿ ಮಲಗಿಸಿದರು. ಮುಂದೆ ಆಗಿದ್ದು ಯಾರಿಗಾದರೂ ಊಹಿಸಲು ಬರುತ್ತದೆ.

ಇದನ್ನು ಮೊದಲು ಎಣಿಸಿ ಹೇಳಿದವರು ಸರ್ಕಾರದ್ದೇ ಡಾಕ್ಟರು. ಪೀಟರ್ ಬ್ರೈಸ್ ಈ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ‘ಇಂಡಿಯನ್ ವ್ಯವಹಾರಗಳ ಇಲಾಖೆ’ಯ ಮುಖ್ಯ ವೈದ್ಯಾಧಿಕಾರಿ. 1907ರಲ್ಲಿ ಅವರು 15 ಶಾಲೆಗಳಿಂದ 1,537 ಮಕ್ಕಳ ಮಾಹಿತಿ ತರಿಸಿ ನೋಡಿದರು. ನೂರಕ್ಕೆ 24 ಮಕ್ಕಳು ಸತ್ತಿದ್ದರು. ಒಂದು ಶಾಲೆಯಲ್ಲಂತೂ ನೂರಕ್ಕೆ 69. ‘ಆ ಕಾಲದಲ್ಲಿ ಕ್ಷಯ ಎಲ್ಲ ಕಡೆ ಇತ್ತಲ್ವಾ’ ಅನ್ನುವವರು ಈಗಲೂ ಇದ್ದಾರೆ. ಇತ್ತು, ಸರಿ. ಆದರೆ ಗಾಳಿ ಬೆಳಕು ಇರುವ ಕಟ್ಟಡ ಬೇಕು, ಕಾಯಿಲೆಯವರನ್ನು ಬೇರೆ ಇಡಬೇಕು ಅಂತ ಬ್ರೈಸ್ ಬರೆದು ಕೊಟ್ಟಿದ್ದರು. ಖರ್ಚು ಜಾಸ್ತಿ ಅಂತ ಅದು ಮೂಲೆ ಸೇರಿತು. ಬ್ರೈಸ್ ಕೂಡ ಮೂಲೆ ಸೇರಿದರು. ಕೆಲಸ ಬಿಟ್ಟ ಮೇಲೆ, 1922ರಲ್ಲಿ, ಇದನ್ನು ‘ರಾಷ್ಟ್ರೀಯ ಅಪರಾಧ’ ಅಂತಲೇ ಕರೆದು ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರು. ಅಷ್ಟರಲ್ಲಿ ಇಲಾಖೆಯ ದೊಡ್ಡ ಅಧಿಕಾರಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ 1920ರಲ್ಲಿ ಕಾನೂನನ್ನೇ ತಿದ್ದಿಸಿ, ಮಕ್ಕಳನ್ನು ಕಳಿಸದ ಅಪ್ಪ ಅಮ್ಮಂದಿರಿಗೆ ಶಿಕ್ಷೆ ಅಂತ ಮಾಡಿಸಿದ್ದರು. ದೇಶದಲ್ಲಿ ಒಬ್ಬ ಇಂಡಿಯನ್ನೂ ಉಳಿಯದೆ ಎಲ್ಲರೂ ಮುಖ್ಯ ಸಮಾಜದಲ್ಲಿ ಕರಗುವ ತನಕ ಮುಂದುವರಿಸುವುದೇ ನಮ್ಮ ಗುರಿ ಅಂತ ಅವರು ಸಂಸದೀಯ ಸಮಿತಿಯ ಮುಂದೆ ಹೇಳಿದ್ದು ದಾಖಲಾಗಿದೆ. ಅಂದಹಾಗೆ ಈ ಸ್ಕಾಟ್ ಒಳ್ಳೆಯ ಕವಿ ಅಂತ ಹೆಸರು ಮಾಡಿದವರು. ಮೂಲನಿವಾಸಿಗಳ ಬಗ್ಗೆಯೇ ಕವಿತೆ ಬರೆದಿದ್ದಾರೆ.

ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. 1927ರಿಂದ 1951ರ ತನಕ, ಜಮೀನಿನಂಥ ಹಕ್ಕುಗಳ ಸಲುವಾಗಿ ವಕೀಲರನ್ನು ಇಡಲು ಮೂಲನಿವಾಸಿಗಳ ಹತ್ತಿರ ಚಂದಾ ಎತ್ತುವುದೇ ಅಪರಾಧ ಆಗಿತ್ತು. ಇದು ಕೂಡ ಅದೇ ಇಂಡಿಯನ್ ಆ್ಯಕ್ಟ್‌ನಲ್ಲಿತ್ತು.

ಇಷ್ಟಾದರೂ ಮಕ್ಕಳು ಓಡಿ ಹೋಗುತ್ತಿದ್ದರು. 1966ರ ಅಕ್ಟೋಬರ್‌ನಲ್ಲಿ ಒಂಟಾರಿಯೊದ ಕೆನೋರಾ ಊರಿನ ಶಾಲೆಯಿಂದ ಚೇನಿ ವೆಂಜಾಕ್ ಅನ್ನುವ 12 ವರ್ಷದ ಹುಡುಗ ಓಡಿದ. ಶಾಲೆಯಲ್ಲಿ ಅವನ ಹೆಸರು ಚೇನಿ ಅಂತ ಇರಲೇ ಇಲ್ಲ, ಚಾರ್ಲಿ ಅಂತ ಮಾಡಿದ್ದರು. ಅವನ ಮನೆ ಇದ್ದಿದ್ದು ಸುಮಾರು 600 ಕಿಲೋಮೀಟರ್ ಆಚೆ. ಬೆಂಗಳೂರಿಂದ ಹೊರಟು ಬೆಳಗಾವಿ ದಾಟಿ ಹೋದಷ್ಟು. ಅದು ಎಷ್ಟು ದೂರ ಅಂತ ಹುಡುಗನಿಗೆ ಗೊತ್ತಿರಲಿಲ್ಲ. ರೈಲು ಹಳಿ ಹಿಡಿದು ಹೋದರೆ ಮನೆ ಸಿಗುತ್ತದೆ ಅಂತಷ್ಟೇ ಗೊತ್ತಿತ್ತು. ಮೈಮೇಲೆ ತೆಳ್ಳನೆ ಹತ್ತಿ ಜಾಕೆಟ್. ಜೇಬಲ್ಲಿ ಮುಚ್ಚಳ ಇರುವ ಪುಟ್ಟ ಗಾಜಿನ ಡಬ್ಬಿ, ಅದರಲ್ಲಿ ಕೆಲವು ಬೆಂಕಿಕಡ್ಡಿ. ಹಿಮ, ಮಳೆ. ಒಂದು ವಾರದ ಮೇಲೆ ಹಳಿ ಪಕ್ಕದಲ್ಲಿ ಅವನ ಹೆಣ ಸಿಕ್ಕಿತು. ಆಗ ಒಂದು ವಿಚಾರಣೆ ನಡೆಯಿತು. ಈ ಬಗೆಯ ಶಿಕ್ಷಣ ಮಕ್ಕಳಿಗೆ ಸರಿಯೇ ಅಂತ ತೀರ್ಪುಗಾರರೇ ಬರೆದು ಕೇಳಿದರು. ಪತ್ರಿಕೆಯಲ್ಲೂ ಬಂತು. ಶಾಲೆಗಳು ಇನ್ನೂ 30 ವರ್ಷ ನಡೆದವು.

ಅಲ್ಲಿ ಓದಿದವರು ತಮ್ಮನ್ನು ಹಳೇ ವಿದ್ಯಾರ್ಥಿ ಅಂತ ಕರೆದುಕೊಳ್ಳುವುದಿಲ್ಲ. ‘ಸರ್ವೈವರ್’ ಅನ್ನುತ್ತಾರೆ, ಬದುಕಿ ಉಳಿದವರು. ಈ ಜನ ತುಂಬ ವರ್ಷ ಬಾಯಿ ಬಿಡಲಿಲ್ಲ. 1990ರಲ್ಲಿ ಮ್ಯಾನಿಟೋಬಾದ ನಾಯಕ ಫಿಲ್ ಫಾಂಟೇನ್ ಟೀವಿಯಲ್ಲಿ ಕೂತು, ಶಾಲೆಯಲ್ಲಿ ನನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿತ್ತು ಅಂದರು. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಸಾವಿರಾರು ಜನ ಕೇಸು ಹಾಕಿದರು. ಎಲ್ಲ ಕೇಸು ಸೋತರೆ ಸರ್ಕಾರ, ಚರ್ಚು ಇಬ್ಬರೂ ಮುಳುಗುವ ಲಕ್ಷಣ ಕಂಡಿತು. ಆಗ ಎಲ್ಲರೂ ಕೂತು ಒಪ್ಪಂದ ಮಾಡಿಕೊಂಡರು. 2007ರಲ್ಲಿ ಅದು ಜಾರಿಗೆ ಬಂತು. ಪ್ರಧಾನಿ ಸ್ಟೀಫನ್ ಹಾರ್ಪರ್ 2008ರ ಜೂನ್ 11ರಂದು ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು.

ಪರಿಹಾರದ ಸೂತ್ರ ಹೀಗಿತ್ತು: ಮೊದಲ ವರ್ಷಕ್ಕೆ 10,000 ಡಾಲರ್, ಆಮೇಲಿನ ಪ್ರತಿ ವರ್ಷಕ್ಕೆ 3,000. ಮತ್ತೆ ತಲೆ ಲೆಕ್ಕ! ಈ ಸಲ ಮಾತ್ರ ಆ ತಲೆ ಅಲ್ಲಿತ್ತು ಅಂತ ತೋರಿಸಲು ದಾಖಲೆ ಬೇಕು. ರಿಜಿಸ್ಟರ್ ಸುಟ್ಟುಹೋಗಿತ್ತು, ಕಳೆದುಹೋಗಿತ್ತು. ಹೀಗಾಗಿ ಎಷ್ಟೋ ಮುದುಕರಿಗೆ ಒಂದೆರಡು ವರ್ಷದ ದುಡ್ಡು ಕಡಿತವಾಯಿತು. ಲೈಂಗಿಕ ದೌರ್ಜನ್ಯ, ಕ್ರೂರ ಹಿಂಸೆ ಅನುಭವಿಸಿದವರಿಗೆ ಬೇರೆಯೇ ವಿಚಾರಣೆ ಇತ್ತು. ಮುಚ್ಚಿದ ಕೋಣೆಯಲ್ಲಿ ನಡೆಯುವ ಆ ವಿಚಾರಣೆಗೆ ಬಂದ ಅರ್ಜಿ ಸುಮಾರು 38,000. ಈ 38,000 ಕಡತ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಅದೇ ಒಪ್ಪಂದದಿಂದ ಹುಟ್ಟಿದ್ದು ‘ಸತ್ಯ ಮತ್ತು ಸಮನ್ವಯ ಆಯೋಗ’. ರಿಕನ್ಸಿಲಿಯೇಷನ್ ಅನ್ನುವುದಕ್ಕೆ ಕನ್ನಡದಲ್ಲಿ ಸರಿಯಾದ ಪದ ಇಲ್ಲ. ‘ರಾಜಿ’ ಅಂದರೆ ಊರ ಕಟ್ಟೆಯ ಪಂಚಾಯ್ತಿ ಆಗಿಬಿಡುತ್ತದೆ. ಹಾಗಾಗಿ ಸಮನ್ವಯ ಅಂತಲೇ ಇಟ್ಟುಕೊಳ್ಳೋಣ. ಅಧ್ಯಕ್ಷರು ಮರ್ರೇ ಸಿಂಕ್ಲೇರ್, ಸ್ವತಃ ಅನಿಶಿನಾಬೆ ಸಮುದಾಯದ ನ್ಯಾಯಾಧೀಶರು. ಆಯೋಗ ಊರೂರು ತಿರುಗಿ 6,500ಕ್ಕೂ ಜಾಸ್ತಿ ಜನರ ಮಾತು ಕೇಳಿತು. ಆ ಸಭೆಗಳ ಒಂದು ಪದ್ಧತಿ ನನಗೆ ಮರೆಯುವುದೇ ಇಲ್ಲ. ಮಾತಾಡುತ್ತ ಅಳುವವರು ಕಣ್ಣೊರೆಸಿಕೊಂಡ ಟಿಶ್ಯೂಗಳನ್ನು ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಚೀಲದಲ್ಲಿ ಕೂಡಿಸಿಟ್ಟು, ಹೊರಗೆ ಉರಿಯುತ್ತಿದ್ದ ಪವಿತ್ರ ಬೆಂಕಿಗೆ ಅರ್ಪಿಸುತ್ತಿದ್ದರು. ಕೊನೆಯ ದಿನ ಎಲ್ಲರಿಗೂ ಒಟ್ಟಿಗೆ ಬರ್ತ್‌ಡೇ ಕೇಕ್. ಶಾಲೆಯಲ್ಲಿದ್ದಾಗ ಯಾರೂ ಅವರ ಹುಟ್ಟುಹಬ್ಬ ಮಾಡಿರಲಿಲ್ಲ.

2015ರಲ್ಲಿ ಆಯೋಗ ವರದಿ ಕೊಟ್ಟಿತು. ನಡೆದದ್ದು ‘ಸಾಂಸ್ಕೃತಿಕ ನರಮೇಧ’ ಅಂತ ಹೇಳಿತು. ಮಾಡಬೇಕಾದ ಕೆಲಸ ಅಂತ 94 ಅಂಶಗಳನ್ನು ಪಟ್ಟಿ ಮಾಡಿತು. ಸತ್ತ ಮಕ್ಕಳ ಬಗ್ಗೆಯೇ ಒಂದು ಸಂಪುಟ ಇದೆ. ಈ ಕೆಲಸಕ್ಕೆ ಆಯೋಗ 2009ರಲ್ಲಿ 15 ಲಕ್ಷ ಡಾಲರ್ ಹೆಚ್ಚಿಗೆ ಕೇಳಿದಾಗ ಸರ್ಕಾರ ಇಲ್ಲ ಅಂದಿತ್ತು. ಇದ್ದದ್ದರಲ್ಲೇ ಕಾಗದ ಹುಡುಕಿ 3,200 ಸಾವು ಗುರುತಿಸಿದರು. ಅದರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳಿಗೆ ಹೆಸರೇ ಬರೆದಿಟ್ಟಿಲ್ಲ. ಸತ್ತವರು ಇಷ್ಟು ಮಂದಿ ಅಂತ ಮೇಲಿನವರಿಗೆ ವರದಿ ಹೋಗಿದೆ, ಅಷ್ಟೇ. ಆಮೇಲೆ ರಾಷ್ಟ್ರೀಯ ದಾಖಲೆ ಕೇಂದ್ರ ಹುಡುಕುತ್ತ ಹೋದ ಹಾಗೆ ಈ ಸಂಖ್ಯೆ 4,100 ದಾಟಿದೆ. ನಿಜವಾದ ಸಂಖ್ಯೆ ಇನ್ನೂ ಜಾಸ್ತಿ, 6,000 ದಾಟಬಹುದು ಅಂತ ಸಿಂಕ್ಲೇರ್ ಹೇಳುತ್ತಿದ್ದರು.

ಹೆಣ ಏನಾಯಿತು? ಊರಿಗೆ ಕಳಿಸುವ ಖರ್ಚು ಕೊಡಲು ಇಲಾಖೆ ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಶಾಲೆಯ ಪಕ್ಕದಲ್ಲೇ ಮಣ್ಣು ಮಾಡಿ ಮರದ ಶಿಲುಬೆ ನೆಡುತ್ತಿದ್ದರು. ಶಾಲೆ ಮುಚ್ಚಿತು, ಶಿಲುಬೆ ಕೊಳೆತು ಬಿತ್ತು, ಹುಲ್ಲು ಬೆಳೆಯಿತು. ‘ಗುರುತಿಲ್ಲದ ಸಮಾಧಿ’ ಅಂದರೆ ಹೆಚ್ಚಾಗಿ ಇದು. ಇದರಲ್ಲಿ ಬಚ್ಚಿಟ್ಟ ಕೊಲೆಯ ರಹಸ್ಯ ಇರಲೇಬೇಕು ಅಂತಿಲ್ಲ. ಯಾರಿಗೂ ಬೇಡವಾದ ಸ್ಮಶಾನ.

ಈಗ ಆ ಫಾರ್ವರ್ಡಿಗೆ ಬರೋಣ. 2021ರ ಮೇ 27ರಂದು ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್‌ನಲ್ಲಿ, ಹಳೇ ಶಾಲೆಯ ತೋಟದ ಜಾಗದಲ್ಲಿ ಸುಮಾರು 215 ಮಕ್ಕಳ ಅವಶೇಷ ಪತ್ತೆಯಾಗಿದೆ ಅಂತ ಅಲ್ಲಿನ ಫಸ್ಟ್ ನೇಷನ್ ಪ್ರಕಟಿಸಿತು. ಹುಡುಕಿದ್ದು ಜಿಪಿಆರ್ ಅನ್ನುವ, ನೆಲದೊಳಗನ್ನು ನೋಡುವ ರೇಡಾರ್ ಯಂತ್ರದಿಂದ. 2025ರಲ್ಲಿ ಧರ್ಮಸ್ಥಳದ ನೇತ್ರಾವತಿ ದಡದಲ್ಲಿ ಆ ಯಂತ್ರ ಓಡಾಡಿದ್ದನ್ನು ಟೀವಿಯಲ್ಲಿ ನೋಡಿದವರಿಗೆ ಹೆಸರು ಗೊತ್ತಿರುತ್ತದೆ. ಎರಡಕ್ಕೂ ಬೇರೇನೂ ಸಂಬಂಧ ಇಲ್ಲ. ಯಂತ್ರ ಮಾಡುವುದಿಷ್ಟೇ: ನೆಲದೊಳಕ್ಕೆ ರೇಡಿಯೊ ಅಲೆ ಬಿಟ್ಟು, ವಾಪಸ್ ಬಂದ ಅಲೆಯಿಂದ ಮಣ್ಣು ಎಲ್ಲಿ ಕಲಕಿದೆ ಅಂತ ತೋರಿಸುತ್ತದೆ. ಎಕ್ಸ್‌ರೇ ಥರ ಮೂಳೆ ಕಾಣಿಸುವುದಿಲ್ಲ. ಗುಂಡಿ ತೋಡಿ ಮುಚ್ಚಿದ ಜಾಗದ ಆಕಾರ, ಆಳ, ದಿಕ್ಕು ನೋಡಿ ಇದು ಸಮಾಧಿ ಇರಬಹುದು ಅಂತ ಪರಿಣತರು ಅಂದಾಜು ಮಾಡುತ್ತಾರೆ. ಬೇರು, ಹಳೇ ಚರಂಡಿ ಕೂಡ ಮೋಸ ಮಾಡಬಹುದು. ಹಿಂದೆ ಅಲ್ಲಿ ಅಗೆದಿದ್ದ ಜಾಗಗಳನ್ನು ಕಳೆದ ಮೇಲೆ 215 ಅನ್ನುವುದು 200 ಆಯಿತು, ‘ಸಮಾಧಿ ಇರಬಹುದಾದ ಜಾಗ’ ಅಂತ ತಿದ್ದಿಕೊಂಡರು. ಆದರೆ ಆ ಹೊತ್ತಿಗೆ ಹೊರಗಿನ ಪತ್ರಿಕೆಗಳು ‘ಸಾಮೂಹಿಕ ಗೋರಿ’ ಅಂತ ಹೆಡ್‌ಲೈನ್ ಹೊಡೆದಾಗಿತ್ತು. ಆ ಮಾತನ್ನು ಕ್ಯಾಮ್‌ಲೂಪ್ಸ್‌ನವರು ಹೇಳಿರಲಿಲ್ಲ. ಒಂದು ತಿಂಗಳಲ್ಲಿ ಸಸ್ಕ್ಯಾಚುವಾನ್‌ನ ಕೌಸೆಸ್ ಫಸ್ಟ್ ನೇಷನ್ 751 ಗುರುತಿಲ್ಲದ ಸಮಾಧಿ ಅಂದಾಗ, ಇದು ಸ್ಮಶಾನ, ದೊಡ್ಡವರೂ ಇರಬಹುದು, 1960ರ ದಶಕದಲ್ಲಿ ಗೋರಿಕಲ್ಲು ಕಿತ್ತುಹಾಕಿದ್ದರು ಅಂತ ಅಲ್ಲಿನ ಮುಖ್ಯಸ್ಥರೇ ಬಿಡಿಸಿ ಹೇಳಿದರು. ಕೇಳಿಸಿಕೊಂಡವರು ಕಮ್ಮಿ.

ಕ್ಯಾಮ್‌ಲೂಪ್ಸ್‌ನಲ್ಲಿ ಸಮಾಧಿ ಅಗೆಯುವ ಕೆಲಸ ಆಗಿಲ್ಲ. ಫಾರ್ವರ್ಡಿನಲ್ಲಿ ಅಷ್ಟು ನಿಜ. ಮ್ಯಾನಿಟೋಬಾದ ಪೈನ್ ಕ್ರೀಕ್‌ನಲ್ಲಿ 2023ರಲ್ಲಿ ಚರ್ಚಿನ ನೆಲಮಾಳಿಗೆಯ 14 ಜಾಗ ಅಗೆದರು, ಏನೂ ಸಿಗಲಿಲ್ಲ, ಸಿಗಲಿಲ್ಲ ಅಂತ ಅವರೇ ಪ್ರಕಟಿಸಿದರು. ಅಗೆಯಬೇಕೇ ಬೇಡವೇ ಅನ್ನುವುದರಲ್ಲಿ ಸರ್ವೈವರ್‌ಗಳಲ್ಲೇ ಎರಡು ಗುಂಪಿದೆ. ಹೆಸರು ಕಂಡುಹಿಡಿದು ಊರಿಗೆ ಕಳಿಸಿ ಅಂತ ಕೆಲವರು, ಮಲಗಿದವರನ್ನು ಎಬ್ಬಿಸಬೇಡಿ ಅಂತ ಕೆಲವರು. ಒಂದೇ ಶಾಲೆಗೆ ಹತ್ತಾರು ಸಮುದಾಯದ ಮಕ್ಕಳು ಬಂದಿದ್ದರು, ಎಲ್ಲರನ್ನೂ ಕೇಳಬೇಕು.

ಆದರೆ ‘ಒಂದು ಮೂಳೆಯೂ ಸಿಕ್ಕಿಲ್ಲ’ ಅನ್ನುವುದು ಸುಳ್ಳು. 1974ರಲ್ಲೇ ಸಸ್ಕ್ಯಾಚುವಾನ್‌ನ ಬ್ಯಾಟಲ್‌ಫರ್ಡ್ ಶಾಲೆಯ ಸ್ಮಶಾನದಲ್ಲಿ ಪುರಾತತ್ವ ವಿದ್ಯಾರ್ಥಿಗಳು ಅಗೆದಾಗ 72 ಸಮಾಧಿ ಕಂಡವು. ಅದಕ್ಕಿಂತ ಮುಖ್ಯ ಮಾತು ಅಂದರೆ, 4,100 ಅನ್ನುವ ಸಂಖ್ಯೆಗೆ ಯಂತ್ರದ ಹಂಗೇ ಇಲ್ಲ. ಅದು ಸರ್ಕಾರ, ಚರ್ಚು ಬರೆದಿಟ್ಟ ಕಾಗದದಿಂದ ಬಂದದ್ದು. ಕ್ಯಾಮ್‌ಲೂಪ್ಸ್ ಶಾಲೆಯೊಂದರಲ್ಲೇ 51 ಸಾವು ಕಾಗದದ ಮೇಲಿತ್ತು. ಆಗ ಯಾರೂ ಬಾವುಟ ಇಳಿಸಲಿಲ್ಲ. ನೆಲದೊಳಗಿನ ನೆರಳು ಕಂಡ ಮೇಲೆ ಐದು ತಿಂಗಳಿಗೂ ಜಾಸ್ತಿ ಕಾಲ ದೇಶದ ಬಾವುಟ ಅರ್ಧಕ್ಕೆ ಹಾರಿತು. ಕಂಡ ನೆರಳಿನ ಬಗ್ಗೆ ಅನುಮಾನ ಎದ್ದ ತಕ್ಷಣ ಕಾಗದದ ಮೇಲಿದ್ದ ಮಕ್ಕಳೂ ಕೆಲವರಿಗೆ ಲೆಕ್ಕಕ್ಕೇ ಇಲ್ಲ.

2021ರ ಆಮೇಲೆ ಬೇಗ ಬೇಗ ಕೆಲವು ಸಂಗತಿ ನಡೆದವು. ವಸತಿ ಶಾಲೆಗಳ ಪರ ಸಲಹೆ ಕೊಟ್ಟಿದ್ದ ಎಗರ್ಟನ್ ರೈರ್ಸನ್ ಪ್ರತಿಮೆಯನ್ನು ಟೊರಾಂಟೊದಲ್ಲಿ ಉರುಳಿಸಿದರು. ಅವರ ಹೆಸರಿನ ವಿಶ್ವವಿದ್ಯಾಲಯ ಈಗ ಟೊರಾಂಟೊ ಮೆಟ್ರೊಪಾಲಿಟನ್. ನಮ್ಮ ಹುಡುಗರು ಸುಮಾರು ಜನ ಓದುವ ಜಾಗವೇ. ಕೆಲವು ಚರ್ಚುಗಳಿಗೆ ಬೆಂಕಿ ಬಿತ್ತು, ಅದನ್ನು ಮೂಲನಿವಾಸಿ ನಾಯಕರೇ ಖಂಡಿಸಿದರು. ಪೋಪ್ ಫ್ರಾನ್ಸಿಸ್ 2022ರ ಜುಲೈ 25ರಂದು ಆಲ್ಬರ್ಟಾದ ಮಸ್ಕ್ವಾಚೀಸ್‌ಗೆ ಬಂದು ಕ್ಷಮೆ ಕೇಳಿದರು. ವಾಪಸ್ ಹೋಗುವ ವಿಮಾನದಲ್ಲಿ ಇದು ನರಮೇಧ ಅಂತ ಒಪ್ಪಿಕೊಂಡರು. ಪೌರತ್ವದ ಪ್ರಮಾಣವಚನ ಬದಲಾಯಿತು. ಈಗ ಅಲ್ಲಿ ಪೌರತ್ವ ಪಡೆಯುವ ಕನ್ನಡಿಗರು ಮೂಲನಿವಾಸಿಗಳ ಒಪ್ಪಂದದ ಹಕ್ಕುಗಳ ಹೆಸರನ್ನೂ ಬಾಯಲ್ಲಿ ಹೇಳಿ ಪ್ರಮಾಣ ಮಾಡುತ್ತಾರೆ. ಅದು ಆಯೋಗದ ಪಟ್ಟಿಯ 94ನೇ ಅಂಶ. ಕೊನೆಯದು ಮೊದಲೇ ಆಯಿತು ನೋಡಿ. ಮೇಲಿನವು ಹಾಗಲ್ಲ. 2023ರ ಕೊನೆಗೆ ಮೂಲನಿವಾಸಿಗಳೇ ಮುನ್ನಡೆಸುವ ಸಂಶೋಧನಾ ಸಂಸ್ಥೆ ಯೆಲ್ಲೋಹೆಡ್ ಇನ್‌ಸ್ಟಿಟ್ಯೂಟ್ ಎಣಿಸಿದಾಗ ಪೂರ್ತಿ ಮುಗಿದಿದ್ದು 13.

ಈಗ ಆ 38,000 ಕಡತ. ಮುಚ್ಚಿದ ಕೋಣೆಯಲ್ಲಿ ಜನ ಹೇಳಿದ್ದು ಅದರಲ್ಲಿದೆ. ಹೆಂಡತಿಗೂ ಮಕ್ಕಳಿಗೂ ಹೇಳದ ಮಾತು. ಯಾರಿಗೂ ಕೊಡುವುದಿಲ್ಲ ಅಂತ ಆಗ ಅವರಿಗೆ ಮಾತು ಕೊಟ್ಟಿದ್ದರು. ಇತಿಹಾಸ ಉಳಿಯಬೇಕು, ಇಟ್ಟುಕೊಳ್ಳೋಣ ಅಂತ ಸರ್ಕಾರ ಮತ್ತು ದಾಖಲೆ ಕೇಂದ್ರ ವಾದಿಸಿದವು. 2017ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಅದು ಏನಾಗಬೇಕು ಅಂತ ಹೇಳಿದವರೇ ತೀರ್ಮಾನ ಮಾಡಲಿ ಅಂದಿತು. ಉಳಿಸಿ ಅನ್ನುವವರು ಒಂದು ಅರ್ಜಿ ತುಂಬಿ ಕೊಡಬೇಕು. ತುಂಬದಿದ್ದರೆ ಕಡತ ನಾಶ. ತೀರಿಕೊಂಡವರು ಅರ್ಜಿ ತುಂಬಲಾರರು, ಹಾಗಾಗಿ ಅವರದೂ ನಾಶ. ನನ್ನ ಕಷ್ಟ ನನ್ನ ಜೊತೆಗೇ ಹೋಗಲಿ ಅಂತ ಸುಮ್ಮನಿರುವವರಿದ್ದಾರೆ. ಮುಂದೊಂದು ದಿನ ಇದನ್ನೂ ಬುರುಡೆ ಅಂತಾರೆ, ಇರಲಿ ಅಂತ ಅರ್ಜಿ ಕೊಟ್ಟವರಿದ್ದಾರೆ. ಕೊನೆಯ ದಿನ 2027ರ ಸೆಪ್ಟೆಂಬರ್ 19. ಬ್ರಾಂಪ್ಟನ್‌ನ ಹುಡುಗ ಕಿತ್ತಳೆ ಶರ್ಟ್ ಹಾಕಿಕೊಂಡು ಶಾಲೆಗೆ ಹೋಗುವ ದಿನಕ್ಕೆ ಹನ್ನೊಂದು ದಿನ ಮುಂಚೆ.